ವೆರೋನ್ ನಿಜಕ್ಕೂ ಫ್ಲಾಪಾ?

ಪ್ರಶ್ನೆ: ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ದೊಡ್ಡ ಫ್ಲಾಪ್ ಯಾರು ಅಂದರೆ ಗೆಳೆಯರೆಲ್ಲ ಹುವಾನ್ ಸೆಬಾಸ್ಟಿಯನ್ ವೆರೋನ್ ಹೆಸರು ಹೇಳುತ್ತಾರೆ. ಇಟಲಿಯಲ್ಲಿ ಮಿಂಚಿದ ಮಿಡ್‌ಫೀಲ್ಡರ್ ಇಂಗ್ಲೆಂಡಿನಲ್ಲಿ ಯಾಕೆ ಮಂಕಾದರು? ಚೆಲ್ಸಿಯಲ್ಲೂ ಅದೇ ಕಥೆ ಅಲ್ವಾ?

ಉತ್ತರ: ನನ್ನ ಪ್ರಕಾರ ಆ ಖರೀದಿಯೇ ಎಡವಟ್ಟು. ಅದರ ಸಿಟ್ಟನ್ನು ವೆರೋನ್ ಆಟದ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

2001ರಲ್ಲಿ ಇಟಲಿಯ ಲಾಜಿಯೊ ಕ್ಲಬ್ಬಿಗೆ 2.81 ಕೋಟಿ ಪೌಂಡ್ ಕೊಟ್ಟು ಅವರನ್ನು ತಂದರು. ಆಗ ಅದು ಬ್ರಿಟನ್ನಿನ ದಾಖಲೆ. ಆದರೆ ಯುನೈಟೆಡ್ ಅಷ್ಟೊತ್ತಿಗೆ ಸತತ 3 ಲೀಗ್ ಗೆದ್ದಿತ್ತು. ಮೈದಾನದ ನಡುವೆ ಕೀನ್, ಸ್ಕೋಲ್ಸ್ ಗಟ್ಟಿಯಾಗಿ ಕೂತಿದ್ದರು. ವೆರೋನ್‌ಗೆ ಜಾಗ ಮಾಡಲು ಸ್ಕೋಲ್ಸ್ ಅವರನ್ನು ಮುಂದಕ್ಕೆ, ಸ್ಟ್ರೈಕರ್ ವಾನ್ ನಿಸ್ಟಲ್‌ರಾಯ್ ಬೆನ್ನ ಹಿಂದಿನ ಜಾಗಕ್ಕೆ ತಳ್ಳಿದರು. ಚೆನ್ನಾಗಿ ನಡೀತಿದ್ದ ಜೋಡಿ ಸುಮ್ನೆ ಒಡೆಯಿತು. ಆ ಸೀಸನ್‌ನಲ್ಲಿ ತಂಡಕ್ಕೆ ಸಿಕ್ಕಿದ್ದು 3ನೇ ಸ್ಥಾನ.

ವೆರೋನ್ ಕೆಳಗಿಳಿದು ಚೆಂಡು ತಗೊಳ್ಳುವವರು. ತಲೆ ಎತ್ತಿ ನೋಡಿ, ಬಲಗಾಲಿನ ಹೊರ ಅಂಚಿನಿಂದ ದೂರದ ಪಾಸ್ ಕೊಡುವವರು. ಅವರು ಇಳಿದು ಬರುವ ಜಾಗದಲ್ಲಿ ಕೀನ್ ಆಗಲೇ ಇರುತ್ತಿದ್ದರು. ಪ್ರೀಮಿಯರ್ ಲೀಗ್‌ನಲ್ಲಿ ತಲೆ ಎತ್ತುವಷ್ಟರಲ್ಲಿ ಎದುರಾಳಿ ಕಾಲಿಗೇ ಬಂದಿರುತ್ತಿದ್ದ. ಫ್ರೀ ಕಿಕ್, ಕಾರ್ನರ್ ಕೂಡ ಇಲ್ಲಿ ಬೆಕಮ್ ಪಾಲು. ಯುರೋಪಿನ ಪಂದ್ಯಗಳಲ್ಲಿ ಆಟದ ವೇಗ ಸ್ವಲ್ಪ ಇಳಿದಾಗ ಇದೇ ವೆರೋನ್ ಬೇರೆ ಥರ ಕಾಣುತ್ತಿದ್ದರು.

ಹಾಗಂತ ಮ್ಯಾನೇಜರ್ ಫರ್ಗ್ಯುಸನ್ ವೆರೋನ್‌ರನ್ನು ಮೂಲೆಗೆ ಹಾಕಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ, ಗಾಯದಿಂದ ಆಗಷ್ಟೇ ಮರಳಿದ್ದ ವೆರೋನ್‌ಗೆ ಜಾಗ ಕೊಟ್ಟು ಬೆಕಮ್ ಅವರನ್ನೇ ಬೆಂಚಿನಲ್ಲಿ ಕೂರಿಸಿದ್ದರು! ಆಮೇಲೆ ವೆರೋನ್ ಬದಲಿಗೆ ಇಳಿದ ಬೆಕಮ್ 2 ಗೋಲು ಹೊಡೆದರು. ಜನರಿಗೆ ನೆನಪಿರುವುದು ಅದೊಂದೇ.

ಚೆಲ್ಸಿಯ ಕಥೆ ಬೇರೆ. ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಮೊದಲ ಪಂದ್ಯಕ್ಕೇ ಗೋಲು ಹೊಡೆದರು. ಆಮೇಲೆ ಬೆನ್ನು ಕೈಕೊಟ್ಟು, ಲೀಗ್‌ನಲ್ಲಿ ಆಡಿದ್ದೇ 7 ಪಂದ್ಯ. ಅಷ್ಟರಲ್ಲಿ ಯಾರನ್ನೂ ಅಳೆಯಲು ಆಗಲ್ಲ. ನಿಮ್ಮ ಗೆಳೆಯರಿಗೆ ಇನ್ನೊಂದು ಹೇಳಿ: 2009ರಲ್ಲಿ ಅರ್ಜೆಂಟೀನಾದ ಎಸ್ಟೂಡಿಯಾಂಟೆಸ್ ಕ್ಲಬ್, ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ ಕೋಪಾ ಲಿಬರ್ಟಡೋರೆಸ್ ಗೆದ್ದಾಗ ಕ್ಯಾಪ್ಟನ್ ಇದೇ ವೆರೋನ್. ವಯಸ್ಸು 34. ಅಲ್ಲಿ ಪ್ರತಿ ಚೆಂಡೂ ಮೊದಲು ಅವರ ಕಾಲಿಗೇ ಬರುತ್ತಿತ್ತು.