ಪ್ರತಿಕ್ರಿಯೆ: ‘ಸ್ಯಾಂಪಲ್’ ಅಂತ ಮೂರು ಮುಖಪುಟ ಕೇಳುತ್ತಿದ್ದಾರೆ, ಬರೆದುಕೊಡಲಾ?

ಕೆಲಸ ಕೊಡುವವರು ಮೂರು ಮುಖಪುಟದ ಚಿತ್ರ ಕೇಳಿದ್ದಾರೆ, ನೀವು ಒಂದನ್ನು ಕಳಿಸಿ ಎರಡನೆಯದನ್ನು ಶುರು ಮಾಡಿದ್ದೀರಿ. ಮೂರನ್ನೂ ಪೂರ್ತಿ ಬರೆದುಕೊಡಿ, ಇಷ್ಟವಾದರೆ ದುಡ್ಡು ಅಂದಿದ್ದಾರೆ ಅಂದರೆ, ಹೆಚ್ಚಾಗಿ ಚಿತ್ರಕ್ಕೆಂದು ಅವರು ಹಣವನ್ನೇ ತೆಗೆದಿಟ್ಟಿಲ್ಲ. ಇನ್ನೂ ನಾಲ್ಕು ಜನರಿಗೆ ಇದೇ ಮಾತು ಹೇಳಿರಲೂಬಹುದು. ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಅಲ್ಲ.

ಮೊದಲು ಎರಡನೇ ಚಿತ್ರ ನಿಲ್ಲಿಸಿ. ಫೋನ್ ಬೇಡ, ಇಮೇಲ್‌ನಲ್ಲೇ ಕೇಳಿ: “ಈ ಕೆಲಸಕ್ಕೆ ಎಷ್ಟು ಕೊಡುತ್ತೀರಿ, ಯಾವಾಗ?” ಜೊತೆಗೆ ನಿಮ್ಮ ಹಳೆಯ ಕೆಲಸ ನಾಲ್ಕೈದು ಕಳಿಸಿ. ಕೈ ಹೇಗಿದೆ ಅಂತ ನೋಡೋಕೆ ಅಷ್ಟು ಸಾಕು, ಅಲ್ವಾ? ಹೊಸದೇ ಬೇಕು ಅಂದರೆ ಒಂದು ಪೆನ್ಸಿಲ್ ಸ್ಕೆಚ್‌ಗೆ ಬೇರೆ ದರ ಹೇಳಿ. ಮುಂಗಡ ಬಂದ ಮೇಲೆಯೇ ಶುರು ಮಾಡಿ. ನಾನು ಅರ್ಧ ಕೇಳುತ್ತೇನೆ. ಇದರಿಂದ ಕೆಲಸ ಕೈತಪ್ಪಬಹುದು, ನನಗೂ ಎರಡು ಸಲ ತಪ್ಪಿದೆ. ಆದರೆ ಕೊಡುವ ಮನಸ್ಸಿದ್ದವರು ಈ ಪ್ರಶ್ನೆಗೆ ಬೇಸರ ಮಾಡಿಕೊಂಡದ್ದು ನಾನು ಕಂಡಿಲ್ಲ.

ಈಗಾಗಲೇ ಕಳಿಸಿರುವ ಮೊದಲ ಚಿತ್ರದ ವಿಷಯ: 1886ರ ಬರ್ನ್ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯ (ಕೃತಿಯ ಮೇಲೆ ಅದನ್ನು ರಚಿಸಿದವರ ಹಕ್ಕು) ಸಿಗಲು ನೋಂದಣಿ ಬೇಕಿಲ್ಲ. ಹಾಗಾಗಿ “ಹಣ ಮತ್ತು ಲಿಖಿತ ಒಪ್ಪಂದ ಆಗುವವರೆಗೆ ಈ ಚಿತ್ರ ಬಳಸುವಂತಿಲ್ಲ” ಅಂತ ಇವತ್ತೇ ಬರೆದು ಕಳಿಸಿ. ಮೂಲ ಫೈಲ್ ಮಾತ್ರ ಕೊಡಬೇಡಿ.