ಕಲಿತದ್ದು ಕಣ್ಣಿಗೆ ಬೀಳಬೇಕು: ಆನ್‌ಲೈನ್ ಓದು, ವೆಬ್ ಪ್ರೊಫೈಲ್ ಕುರಿತ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟೆಲ್‌ನ (ಐಐಟಿ, ಐಐಎಸ್ಸಿಗಳ ಪಾಠ ಯೋಜನೆ) 8 ವಾರದ ಡೇಟಾಬೇಸ್ ಕೋರ್ಸಿಗೆ ಸೇರಿದ್ದೇನೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ, ಎರಡು ವಾರ ಕಳೆದರೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಅಸೈನ್‌ಮೆಂಟ್‌ಗಳಲ್ಲಿ ಮಾತ್ರ ಒಳ್ಳೆಯ ಅಂಕ ಬರುತ್ತಿದೆ. ಪರೀಕ್ಷೆಗೆ ಇಷ್ಟು ಸಾಕೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ಸಾಲದು. ಅಂಕದ ಲೆಕ್ಕ ನೋಡಿದರೆ ಯಾಕೆಂದು ತಿಳಿಯುತ್ತದೆ. ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ನಿಮ್ಮದು 8 ವಾರದ ಕೋರ್ಸ್ ಆದ್ದರಿಂದ ಹೆಚ್ಚು ಅಂಕ ಬಂದ 6 ಅಸೈನ್‌ಮೆಂಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬರಬೇಕು. ಎರಡನ್ನೂ ಬೇರೆ ಬೇರೆಯಾಗಿಯೇ ದಾಟಬೇಕು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 25 ಬಂದಿದ್ದರೂ ಪರೀಕ್ಷೆಯಲ್ಲಿ 29 ಬಂದರೆ ಪ್ರಮಾಣಪತ್ರವಿಲ್ಲ.

ಇದಕ್ಕಿಂತ ಮೊದಲು ಇನ್ನೊಂದು ವಿಷಯ ಖಚಿತಪಡಿಸಿಕೊಳ್ಳಿ. ಕೋರ್ಸಿಗೆ ಸೇರುವುದೇ ಬೇರೆ, ಪರೀಕ್ಷೆಗೆ ನೋಂದಾಯಿಸುವುದೇ ಬೇರೆ. ಸೇರುವುದು, ಕಲಿಯುವುದು ಉಚಿತ. ಪರೀಕ್ಷೆಗೆ ಪ್ರತ್ಯೇಕ ಅರ್ಜಿ ತುಂಬಿ, ಊರು ಆರಿಸಿ, ಶುಲ್ಕ ಕಟ್ಟಬೇಕು. ಅಸೈನ್‌ಮೆಂಟ್ ಎಲ್ಲ ಮುಗಿಸಿದ ಮೇಲೆ ಈ ಅರ್ಜಿಯ ಗಡುವು ದಾಟಿದ್ದು ಗೊತ್ತಾಗಿ ಪತ್ರ ಬರೆಯುವವರು ಬಹಳ ಜನ. ಶುಲ್ಕ ಎಷ್ಟು, ಕೊನೆಯ ದಿನ ಯಾವುದು ಎಂಬುದು ಕೋರ್ಸಿನ ಅನೌನ್ಸ್‌ಮೆಂಟ್ ಪುಟದಲ್ಲಿರುತ್ತದೆ. ಇವತ್ತೇ ತೆರೆದು ನೋಡಿ.

ಇನ್ನು ಮರೆವಿನ ವಿಚಾರ. ಅಸೈನ್‌ಮೆಂಟ್ ಮಾಡುವಾಗ ಪಕ್ಕದಲ್ಲಿ ವಿಡಿಯೊ ತೆರೆದಿರುತ್ತದೆ, ಉತ್ತರ ಹುಡುಕಿಕೊಳ್ಳುತ್ತೀರಿ. ಕಂಡದ್ದನ್ನು ಗುರುತಿಸುವುದು ಸುಲಭ. ಕಾಣದ್ದನ್ನು ತಲೆಯಿಂದ ಹೊರಗೆ ತೆಗೆಯುವುದಕ್ಕೆ ಬೇರೆಯೇ ಅಭ್ಯಾಸ ಬೇಕು, ವಿಡಿಯೊವನ್ನು ಮತ್ತೆ ನೋಡುವುದರಿಂದ ಅದು ಬರುವುದಿಲ್ಲ. ಒಂದು ಪಾಠ ಮುಗಿದ ಕೂಡಲೇ ಟ್ಯಾಬ್ ಮುಚ್ಚಿ, ನೋಟ್ಸ್ ನೋಡದೆ ಆ ಪಾಠದ ಮೇಲೆ ಮೂರು ಪ್ರಶ್ನೆ ಬರೆಯಿರಿ. ಆ ಪ್ರಶ್ನೆಗಳನ್ನು ಆಂಕಿ ಎಂಬ ತಂತ್ರಾಂಶಕ್ಕೆ ಕಾರ್ಡುಗಳಾಗಿ ಹಾಕಿ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ (ಅಲ್ಲಿ ಅದರ ಹೆಸರು ಆಂಕಿಡ್ರಾಯ್ಡ್) ಅದು ಉಚಿತ. ಐಫೋನಿನದಕ್ಕೆ ಮಾತ್ರ ಹಣ ಕೊಡಬೇಕು. ನೀವು ಮರೆಯುವ ಹೊತ್ತಿಗೆ ಸರಿಯಾಗಿ ಆ ಕಾರ್ಡನ್ನು ಅದು ಮತ್ತೆ ಮುಂದಿಡುತ್ತದೆ.

ಕಾರ್ಡು ಬರೆಯುವುದರಲ್ಲೇ ಅರ್ಧ ಕೆಲಸವಿದೆ. ನಲ್ ಎಂದರೆ ಬೆಲೆ ತುಂಬದ ಖಾಲಿ ಜಾಗ. ‘ನಲ್ ಎಂದರೇನು?’ ಎಂದು ಬರೆದರೆ ಉತ್ತರ ನಾಲ್ಕು ಸಾಲಾಗುತ್ತದೆ, ಅರ್ಧ ಹೇಳಿ ‘ಗೊತ್ತು’ ಎಂದುಕೊಂಡು ಮುಂದೆ ಹೋಗುತ್ತೀರಿ. ಬದಲಿಗೆ ಹೀಗೆ ಬರೆಯಿರಿ: ‘ಟೇಬಲ್‌ನಲ್ಲಿ 10 ಸಾಲು. ಫೋನ್ ಕಾಲಮ್‌ನ 3 ಸಾಲುಗಳಲ್ಲಿ ನಲ್. ಕೌಂಟ್ ಸ್ಟಾರ್ ಎಷ್ಟು ಕೊಡುತ್ತದೆ? ಕೌಂಟ್ ಫೋನ್ ಎಷ್ಟು?’ ಉತ್ತರ 10 ಮತ್ತು 7. ಕೌಂಟ್ ಎಂಬುದು ಸಾಲು ಎಣಿಸುವ ಆದೇಶ. ಸ್ಟಾರ್ ಕೊಟ್ಟರೆ ಎಲ್ಲ ಸಾಲುಗಳನ್ನೂ ಎಣಿಸುತ್ತದೆ, ಕಾಲಮ್ ಹೆಸರು ಕೊಟ್ಟರೆ ನಲ್ ಇರುವ ಸಾಲುಗಳನ್ನು ಅದು ಎಣಿಸುವುದಿಲ್ಲ. ಒಂದು ಕಾರ್ಡು, ಒಂದು ಸಂಗತಿ, ತಪ್ಪೋ ಸರಿಯೋ ಎಂದು ತಕ್ಷಣ ಹೇಳಬಹುದಾದ ಉತ್ತರ.

ಆಂಕಿ ತಾನಾಗಿ ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ಅದನ್ನು 8ಕ್ಕೆ ಇಳಿಸಿ. ಹೊಸ ಕಾರ್ಡು ಪ್ರತಿಯೊಂದೂ ಮುಂದಿನ ದಿನಗಳಲ್ಲಿ ಹಲವು ಬಾರಿ ಮರಳಿ ಬರುತ್ತದೆ. 20 ಇಟ್ಟುಕೊಂಡವರ ಮುಂದೆ ಮೂರು ನಾಲ್ಕು ವಾರದಲ್ಲಿ ಇನ್ನೂರರ ಸುಮಾರಿಗೆ ಬಾಕಿ ನಿಂತು, ಅವರು ಬಿಟ್ಟೇಬಿಡುತ್ತಾರೆ. ಗುಂಡಿ ಒತ್ತುವಾಗಲೂ ಜಾಗ್ರತೆ: ಮರೆತಿದ್ದರೆ ‘ಅಗೇನ್’ ಒತ್ತಬೇಕು. ‘ಹಾರ್ಡ್’ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದರ್ಥ. ಮರೆತಾಗ ಹಾರ್ಡ್ ಒತ್ತಿದರೆ ನಿಮಗೆ ಬಾರದ ಕಾರ್ಡು ದೂರದ ದಿನಕ್ಕೆ ಹೋಗಿ ಕೂರುತ್ತದೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಪಾಠಗಳ ವೇಗಕ್ಕೆ ಹಿಂದೆ ಬೀಳುತ್ತಿದ್ದೇನೆ.
— ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಿಂದ ಶುರು ಮಾಡಿ. ಲಿಬ್ರೆಆಫೀಸ್, ಪೈಥಾನ್, ಲಿನಕ್ಸ್ ಮುಂತಾದವುಗಳ ಪಾಠಗಳಿಗೆ ಅಲ್ಲಿ ಕನ್ನಡ ಧ್ವನಿ ಇದೆ. ಒಂದೊಂದು ಪಾಠ ಸುಮಾರು 10 ನಿಮಿಷ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ತಂತ್ರಾಂಶ ಇಟ್ಟುಕೊಂಡು, ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೀವೂ ಮಾಡಬೇಕು. ಆ ಪಾಠಗಳನ್ನು ಕಟ್ಟಿರುವುದೇ ಹಾಗೆ. ಎನ್‌ಪಿಟೆಲ್‌ನ ಹಲವು ಕೋರ್ಸುಗಳ ಪಾಠದ ಪಠ್ಯವೂ ಕನ್ನಡದಲ್ಲಿ ಸಿಗುತ್ತದೆ, ಅದನ್ನು ಮೊದಲು ಓದಿ ಆಮೇಲೆ ಇಂಗ್ಲಿಷ್ ವಿಡಿಯೊ ನೋಡಿ. ಚಾಟ್‌ಜಿಪಿಟಿಯಂಥವುಗಳಿಗೆ ‘ಈ ಭಾಗವನ್ನು ಕನ್ನಡದಲ್ಲಿ ವಿವರಿಸಿ, ಆಮೇಲೆ ನನಗೆ ಐದು ಪ್ರಶ್ನೆ ಕೇಳಿ’ ಎಂದು ಹೇಳಬಹುದು, ಉಪಯೋಗವಿದೆ. ಆದರೆ ಅದು ಕೊಡುವ ಸೂತ್ರ, ಅಂಕಿ, ಪುಸ್ತಕದ ಹೆಸರನ್ನು ಪಠ್ಯದೊಂದಿಗೆ ತಾಳೆ ನೋಡದೆ ಬರೆದುಕೊಳ್ಳಬೇಡಿ. ಇಲ್ಲದ ಪುಸ್ತಕಗಳ ಹೆಸರನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಪ್ರಶ್ನೆ: ವೆಬ್ ಪುಟ ಪ್ರಕಟಿಸುವ ಗಿಟ್‌ಹಬ್ ಪೇಜಸ್‌ನಲ್ಲಿ ನನ್ನ ಪುಟ ಹಾಕಿದೆ. ಮೊದಲು 404 (ಪುಟ ಸಿಗಲಿಲ್ಲ ಎಂಬ ಸಂದೇಶ) ಬಂತು. ಹೇಗೋ ಸರಿಯಾದ ಮೇಲೆ ಫೋಟೊ ಕಾಣುತ್ತಿಲ್ಲ, ಕನ್ನಡದ ಭಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿತ್ತು.
— ಬಿಸಿಎ ಅಂತಿಮ ವರ್ಷ, ಶಿವಮೊಗ್ಗ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ.

404ರಿಂದ ಆರಂಭಿಸೋಣ, ಇದು ಮತ್ತೆ ಬರಬಹುದು. ಪುಟ ನಿಮ್ಮ ಖಾತೆಯ ಮುಖ್ಯ ವಿಳಾಸದಲ್ಲೇ ತೆರೆಯಬೇಕಾದರೆ ರೆಪಾಸಿಟರಿಯ (ಫೈಲುಗಳನ್ನಿಡುವ ಜಾಗ) ಹೆಸರು ನಿಮ್ಮ ಯೂಸರ್‌ನೇಮ್, ಅದರ ನಂತರ ‘ಡಾಟ್ ಗಿಟ್‌ಹಬ್ ಡಾಟ್ ಐಒ’ ಎಂದಿರಬೇಕು. ಉಚಿತ ಖಾತೆಯಲ್ಲಿ ಅದು ಪಬ್ಲಿಕ್ ಆಗಿರಲೇಬೇಕು. ಸೆಟ್ಟಿಂಗ್ಸ್‌ನ ಪೇಜಸ್ ವಿಭಾಗದಲ್ಲಿ ಮೇನ್ ಬ್ರಾಂಚ್, ರೂಟ್ ಫೋಲ್ಡರ್ ಆರಿಸಿರಬೇಕು. ಇಷ್ಟಾದರೂ 404 ಬಂದರೆ ಪುಟದ ಮುಖ್ಯ ಫೈಲಾದ ಇಂಡೆಕ್ಸ್ ಫೈಲು ಎಲ್ಲಿದೆ ನೋಡಿ. ಫೋಲ್ಡರಿನ ಒಳಗಿದ್ದದ್ದನ್ನು ಹಾಕುವ ಬದಲು ಇಡೀ ಫೋಲ್ಡರನ್ನೇ ಎಳೆದು ಹಾಕಿದರೆ ಆ ಫೈಲು ಒಂದು ಮೆಟ್ಟಿಲು ಒಳಗೆ ಹೋಗಿಬಿಡುತ್ತದೆ. ಫೈಲಿನ ಹೆಸರು ಪೂರ್ತಿ ಸಣ್ಣ ಅಕ್ಷರಗಳಲ್ಲೇ ಇರಬೇಕು. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ್ದರೆ ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಕೊಂಡಿರಬಹುದು. ವಿಂಡೋಸ್ ಅದನ್ನು ಅಡಗಿಸಿ ತೋರಿಸುವುದರಿಂದ ನಿಮಗೆ ಕಾಣುವುದಿಲ್ಲ; ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕಿದರೆ ತಿಳಿಯುತ್ತದೆ. ಬದಲಾವಣೆ ಪ್ರಕಟವಾಗಲು 10 ನಿಮಿಷದವರೆಗೆ ಹಿಡಿಯಬಹುದು. ಆ ಅವಧಿಯಲ್ಲಿ ಗಾಬರಿಯಿಂದ ಮತ್ತೆ ಮತ್ತೆ ಬದಲಾಯಿಸಿದರೆ ಯಾವುದು ಸರಿಯಾಯಿತು ಎಂದೇ ಗೊತ್ತಾಗುವುದಿಲ್ಲ.

ಫೋಟೊದ ಸಮಸ್ಯೆಗೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಚಿತ್ರದ ವಿಳಾಸದಲ್ಲಿ ‘ಸಿ’ ಡ್ರೈವಿನಿಂದ ಶುರುವಾಗುವ ದಾರಿ ಬರೆದಿದ್ದೀರಿ. ಆ ಡ್ರೈವು ಇರುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ. ಇಲ್ಲವೇ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಕೋಡಿನಲ್ಲಿ ಸಣ್ಣಕ್ಷರ ಇದೆ. ವಿಂಡೋಸ್‌ಗೆ ಎರಡೂ ಒಂದೇ, ಗಿಟ್‌ಹಬ್‌ನ ಸರ್ವರಿಗೆ ಬೇರೆ. ಫೈಲುಗಳ ಹೆಸರನ್ನೆಲ್ಲ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಟ್ಟರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಕನ್ನಡದ ಭಾಗವನ್ನು ನೀವು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಅಕ್ಷರದ ಆಕಾರವನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿನ ಇಂಗ್ಲಿಷ್ ಸಂಕೇತವೇ ಹೊರಗೆ ಬರುತ್ತದೆ. ನೋಡಲು ಕೆಡುವುದಷ್ಟೇ ಅಲ್ಲ, ಗೂಗಲ್‌ನಲ್ಲಿ ಯಾರಾದರೂ ನಿಮ್ಮ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಆ ಪುಟ ಸಿಗುವುದೇ ಇಲ್ಲ. ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಬದಲಾಯಿಸಿ, ಆಮೇಲೆ ಸಾಲು ಸಾಲಾಗಿ ಓದಿ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿರುತ್ತವೆ. ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಹಾಳುಮಾಡಿರುತ್ತದೆ. ನಂತರ ಪುಟದ ಹೆಡ್ ಭಾಗದ ಮೊದಲ ಸಾಲಿನಲ್ಲೇ ಮೆಟಾ ಟ್ಯಾಗ್ ಹಾಕಿ ಕ್ಯಾರ್‌ಸೆಟ್ ಯುಟಿಎಫ್-8 ಎಂದು ಬರೆಯಿರಿ, ಫಾಂಟ್ ಪಟ್ಟಿಗೆ ನೋಟೊ ಸಾನ್ಸ್ ಕನ್ನಡ ಸೇರಿಸಿ. ನಿಮ್ಮ ರೆಸ್ಯುಮೆ ಪಿಡಿಎಫ್‌ಗೂ ಇದೇ ಪರೀಕ್ಷೆ ಮಾಡಿ: ಒಂದು ಸಾಲು ನಕಲಿಸಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿ ಬಂದರೆ ಸರಿ.

ಪುಟ ಸಿದ್ಧವಾದ ಮೇಲೆ ಪ್ರಾಜೆಕ್ಟುಗಳ ಚಿತ್ರಗಳನ್ನಷ್ಟೇ ಜೋಡಿಸಬೇಡಿ. ಪ್ರತಿಯೊಂದರ ಕೆಳಗೆ ಅದು ಯಾವ ಸಮಸ್ಯೆಗೆ ಮಾಡಿದ್ದು, ನಿಮ್ಮ ಪಾಲು ಯಾವುದು, ಯಾವುದು ಇನ್ನೂ ಸರಿಯಾಗಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ತಂಡದ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲಿನ ಸಾಲು ಇಲ್ಲದಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಪ್ರಶ್ನೆ: ಟ್ಯಾಲಿ, ಜಿಎಸ್‌ಟಿ ಕೆಲಸ ಚೆನ್ನಾಗಿ ಗೊತ್ತು. ಆದರೆ ನನ್ನ ಕೆಲಸವೆಲ್ಲ ಗ್ರಾಹಕರ ಲೆಕ್ಕ, ಹೊರಗೆ ತೋರಿಸುವಂತಿಲ್ಲ. ವೆಬ್‌ನಲ್ಲಿ ಏನು ಹಾಕಲಿ?
— ಅಕೌಂಟೆಂಟ್, ದಾವಣಗೆರೆ

ಉತ್ತರ: ತೋರಿಸುವಂತಿಲ್ಲ ಎಂದು ನಿಮಗೆ ಅನಿಸಿರುವುದು ಸರಿಯಾಗಿದೆ, ಆ ಎಚ್ಚರ ಬಿಡಬೇಡಿ. ಹೆಸರು ಮಾತ್ರ ಅಳಿಸಿ ನಿಜವಾದ ಫೈಲು ಹಾಕುವ ಯೋಚನೆಯೂ ಬೇಡ. ಪಿಡಿಎಫ್‌ನಲ್ಲಿ ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆದರೂ ಕೆಳಗಿನ ಪಠ್ಯ ನಕಲಿಸಲು ಸಿಗುತ್ತದೆ. ಎಕ್ಸೆಲ್‌ನಲ್ಲಿ ಅಡಗಿಸಿದ ಶೀಟನ್ನು ಯಾರು ಬೇಕಾದರೂ ತೆರೆಯಬಹುದು. ಮೂಲ ಶೀಟನ್ನು ಅಳಿಸಿದರೂ ಪಿವೊಟ್ ಟೇಬಲ್ ಒಳಗೆ ಅದರ ಪ್ರತಿ ಉಳಿದಿರುತ್ತದೆ. ಪ್ಯಾನ್ ಸಂಖ್ಯೆ ಅಳಿಸಿ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಹಾಗೇ ಬಿಡುವವರಿದ್ದಾರೆ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ 10 ಪ್ಯಾನ್ ಸಂಖ್ಯೆಯೇ.

ಹಾಗಾಗಿ ಇಲ್ಲದ ಅಂಗಡಿಯೊಂದನ್ನು ಕಲ್ಪಿಸಿ. ಒಂದು ತಿಂಗಳ 30 ಖರೀದಿ ಬಿಲ್ಲುಗಳ ರಿಜಿಸ್ಟರ್ ನೀವೇ ತಯಾರಿಸಿ, ಜೊತೆಗೆ ಜಿಎಸ್‌ಟಿಆರ್-2ಬಿ (ಸರಬರಾಜುದಾರರ ರಿಟರ್ನ್‌ಗಳಿಂದ ತಯಾರಾಗುವ ಪಟ್ಟಿ) ನಮೂನೆಯ ಇನ್ನೊಂದು ಪಟ್ಟಿ ಮಾಡಿ, ಎರಡರ ನಡುವೆ ನಿಜವಾದ ಕೆಲಸದಲ್ಲಿ ಬರುವಂಥ ವ್ಯತ್ಯಾಸಗಳನ್ನು ಬೇಕೆಂದೇ ಇಡಿ. ಒಂದು ಕಡೆ ಬಿಲ್ ಸಂಖ್ಯೆ ‘0045’, ಇನ್ನೊಂದು ಕಡೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ ‘45’ ಆಗಿರಲಿ. ಒಂದರಲ್ಲಿ ದಿನಾಂಕ ಪಠ್ಯವಾಗಿರಲಿ. ಒಬ್ಬ ಸರಬರಾಜುದಾರ ರಿಟರ್ನ್ ತಡವಾಗಿ ಸಲ್ಲಿಸಿ ಬಿಲ್ಲು ಮುಂದಿನ ತಿಂಗಳ 2ಬಿಗೆ ಹೋಗಿರಲಿ. ಇನ್ನೊಂದು ಕಡೆ ಐಜಿಎಸ್‌ಟಿ (ಹೊರ ರಾಜ್ಯದ ವ್ಯವಹಾರದ ತೆರಿಗೆ) ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ವ್ಯವಹಾರದ ತೆರಿಗೆ) ಬಿದ್ದಿರಲಿ. ಇವನ್ನು ತಾಳೆ ಹಾಕಿ, ಯಾವ ಬಿಲ್ಲಿನ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಈ ತಿಂಗಳು ತೆಗೆದುಕೊಳ್ಳಬಹುದು, ಯಾವುದನ್ನು ತಡೆಹಿಡಿಯಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಒಂದೇ ಪುಟದಲ್ಲಿ ಬರೆಯಿರಿ. ‘ಇದು ಕಾಲ್ಪನಿಕ ಮಾಹಿತಿ’ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿ. ಜಿಎಸ್‌ಟಿಐಎನ್ ಜಾಗದಲ್ಲಿ ನಿಜದಂತೆ ಕಾಣುವ ಸಂಖ್ಯೆ ಬೇಡ, ‘ಸರಬರಾಜುದಾರ 1’, ‘ಸರಬರಾಜುದಾರ 2’ ಎಂದರೆ ಸಾಕು.

ಕೆಲಸ ಕೊಡುವವರು ಈ ಒಂದು ಪುಟದಲ್ಲಿ ನಿಮ್ಮ ಕೈಚಳಕ ಕಾಣುತ್ತಾರೆ. ‘ಟ್ಯಾಲಿ ಗೊತ್ತು’ ಎಂದು ಎಲ್ಲರ ರೆಸ್ಯುಮೆಯಲ್ಲೂ ಇರುತ್ತದೆ.

ಪ್ರಶ್ನೆ: ಲಿಂಕ್ಡ್‌ಇನ್ ಹೆಡ್‌ಲೈನ್‌ನಲ್ಲಿ ‘ಉದ್ಯೋಗದ ಹುಡುಕಾಟದಲ್ಲಿ’ ಎಂದು ಹಾಕಿದ್ದೇನೆ. ಸರಿಯೇ?
— ಮೆಕ್ಯಾನಿಕಲ್ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಬೇಡ. ಆ ಮಾತು ಹಾಕಿ ಯಾರೂ ಹುಡುಕುವುದಿಲ್ಲ. ಅವರು ಹುಡುಕುವುದು ಹುದ್ದೆ ಮತ್ತು ಕೌಶಲದ ಹೆಸರನ್ನು. ಹೆಡ್‌ಲೈನ್‌ಗೆ 220 ಅಕ್ಷರಗಳ ಜಾಗವಿದೆ, ಅಲ್ಲಿ ‘ಸಿಎನ್‌ಸಿ ಪ್ರೋಗ್ರಾಮಿಂಗ್, ಸಾಲಿಡ್‌ವರ್ಕ್ಸ್, ಜಿಗ್ ಮತ್ತು ಫಿಕ್ಸ್ಚರ್ ವಿನ್ಯಾಸ’ ಎಂಬಂತೆ ನಿಮಗೆ ಬರುವುದನ್ನೇ ಬರೆಯಿರಿ. ಕೆಲಸ ಹುಡುಕುತ್ತಿರುವುದನ್ನು ತಿಳಿಸಲು ‘ಓಪನ್ ಟು ವರ್ಕ್’ ಇದೆ; ಈಗ ಬೇರೆ ಕಡೆ ಕೆಲಸದಲ್ಲಿದ್ದರೆ ಅದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಿ. ಹಾಗಿಟ್ಟರೂ ನಿಮ್ಮ ಕಂಪನಿಯವರಿಗೆ ಖಂಡಿತ ತಿಳಿಯುವುದಿಲ್ಲ ಎಂಬ ಭರವಸೆಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ.

ಪ್ರಶ್ನೆ: ನನ್ನ ಹೆಸರು ಒಂದು ಪ್ರಬಂಧದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದೆ. ಗೂಗಲ್ ಸ್ಕಾಲರ್ ನನ್ನ ಪ್ರೊಫೈಲಿಗೆ ಬೇರೆಯವರ ಪ್ರಬಂಧಗಳನ್ನೂ ಸೇರಿಸಿದೆ.
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗುವ ನಮ್ಮ ಪದ್ಧತಿಗೆ ಜರ್ನಲ್‌ಗಳ ‘ಮೊದಲ ಹೆಸರು, ಕುಲನಾಮ’ ಎಂಬ ಎರಡು ಖಾನೆ ಹೊಂದುವುದಿಲ್ಲ. ಇಂದೇ ಒಂದು ರೂಪವನ್ನು ಆರಿಸಿಕೊಂಡು ಇನ್ನು ಮುಂದೆ ಅದನ್ನೇ ಬಳಸಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ, ಉಚಿತ. 2012ರಿಂದ ಇರುವ ಈ 16 ಸ್ಥಾನದ ಗುರುತು ಹೆಸರು ಹೇಗೆ ಬರೆದರೂ ಬದಲಾಗುವುದಿಲ್ಲ. ಹಳೆಯ ರೂಪಗಳನ್ನು ‘ಆಲ್ಸೋ ನೋನ್ ಆ್ಯಸ್’ ಜಾಗದಲ್ಲಿ ಸೇರಿಸಿ. ಖಾತೆಗೆ ವಿಶ್ವವಿದ್ಯಾಲಯದ ಇಮೇಲ್ ಜೊತೆ ಸ್ವಂತ ಇಮೇಲನ್ನೂ ಕೊಡಿ, ಪಿಎಚ್‌ಡಿ ಮುಗಿದ ಮೇಲೆ ಮೊದಲನೆಯದು ನಿಂತುಹೋಗಬಹುದು. ಸ್ಕಾಲರ್‌ನಲ್ಲಿ ನಿಮ್ಮದಲ್ಲದವನ್ನು ಟಿಕ್ ಮಾಡಿ ಅಳಿಸಿ, ತಾನಾಗಿ ಸೇರಿಸುವ ಆಯ್ಕೆಯನ್ನು ‘ಮೊದಲು ಇಮೇಲ್ ಮಾಡಿ ಕೇಳು’ ಎಂಬುದಕ್ಕೆ ಬದಲಾಯಿಸಿ. ಬೇರೆಯವರ ಪ್ರಬಂಧ ನಿಮ್ಮ ಪಟ್ಟಿಯಲ್ಲಿದ್ದರೆ ಆಯ್ಕೆ ಸಮಿತಿ ಅದನ್ನು ಯಂತ್ರದ ತಪ್ಪು ಎಂದು ಭಾವಿಸದೇ ಇರಬಹುದು.

ಪ್ರಶ್ನೆ: ನನ್ನ ತಮ್ಮ ಪ್ರೊಫೈಲ್ ಹಾಕಿದ ವಾರದಲ್ಲೇ ‘ಆಯ್ಕೆಯಾಗಿದ್ದೀರಿ, ಲ್ಯಾಪ್‌ಟಾಪ್ ಠೇವಣಿ 4,500 ರೂಪಾಯಿ ಕಟ್ಟಿ’ ಎಂದು ವಾಟ್ಸ್ಆ್ಯಪ್ ಬಂತು. ಅವನು ಈಗಾಗಲೇ ಕಟ್ಟಿದ್ದಾನೆ.
— ಓದುಗರು, ತುಮಕೂರು

ಉತ್ತರ: ಇದು ವಂಚನೆ. ಇದನ್ನು ಓದುವವರೆಗೆ ಕಾದಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ, ಪ್ರತಿ ಗಂಟೆಯೂ ಮುಖ್ಯ. ಪಾವತಿ ಆ್ಯಪ್‌ನಲ್ಲಿರುವ ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತು ಸಂಖ್ಯೆ), ದಿನಾಂಕ, ಸಮಯ, ಹಣ ಹೋದ ಯುಪಿಐ ವಿಳಾಸ ಕೈಯಲ್ಲಿಟ್ಟುಕೊಳ್ಳಿ. ಬ್ಯಾಂಕಿಗೂ ಹೇಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ವಾಟ್ಸ್ಆ್ಯಪ್ ಸಂಭಾಷಣೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯದೆ ಆ ನಂಬರನ್ನು ಬ್ಲಾಕ್ ಕೂಡ ಮಾಡಬೇಡಿ. ನಿಮ್ಮ ತಮ್ಮ ಆ ವಂಚಕರಿಗೆ ಆಧಾರ್ ಅಥವಾ ಅಂಕಪಟ್ಟಿಯ ಪ್ರತಿ ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಹಾಗೆಯೇ ಅವನ ಸಾರ್ವಜನಿಕ ರೆಸ್ಯುಮೆಯಿಂದ ಮೊಬೈಲ್ ನಂಬರ್, ಹುಟ್ಟಿದ ದಿನಾಂಕ, ಮನೆ ವಿಳಾಸ ತೆಗೆಸಿ. ಸಂಪರ್ಕಕ್ಕೆ ಒಂದು ಪ್ರತ್ಯೇಕ ಇಮೇಲ್ ಸಾಕು. ತಮ್ಮನನ್ನು ಬೈಯಬೇಡಿ. ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಅವನು ಮೊದಲು ನಿಮಗೇ ತೋರಿಸುವಂತಿರಬೇಕು.