ವಿಹಾರಕ್ಕೆಂದು ಇಟ್ಟುಕೊಂಡ ಖಾಸಗಿ ಅಣೆಕಟ್ಟಿನಲ್ಲಿ ಮೊದಲು ಏನನ್ನು ನೋಡಬೇಕು?

ಮೀನು ಹಿಡಿಯಲು, ದೋಣಿ ನಡೆಸಲು ಖಾಸಗಿಯವರು ಇಟ್ಟುಕೊಂಡಿರುವ ಸಣ್ಣ ಮಣ್ಣಿನ ಅಣೆಕಟ್ಟಿನಲ್ಲಿ ಏರಿಗಿಂತ ಮೊದಲು ಕೋಡಿಯನ್ನು, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಯನ್ನು, ನೋಡಬೇಕು. ಕೋಡಿ ಕಟ್ಟಿಕೊಂಡು ನೀರು ಏರಿಯ ಮೇಲೆಯೇ ಹರಿಯತೊಡಗಿದರೆ ಹಿಂಬದಿಯ ಮಣ್ಣು ಕೊಚ್ಚಿಹೋಗಿ, ಗಟ್ಟಿಯಾಗಿ ಕಾಣುವ ಏರಿಯೂ ಕೆಲವೇ ಗಂಟೆಗಳಲ್ಲಿ ಒಡೆಯಬಹುದು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಸೌತ್ ಫೋರ್ಕ್ ಅಣೆಕಟ್ಟು ಇದಕ್ಕೆ ಅತ್ಯಂತ ಕಹಿಯಾದ ಉದಾಹರಣೆ. ಅದರ ತಳದಲ್ಲಿ ನೀರು ಹೊರಬಿಡುವ ತೂಬಿನ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕರು ಕಿತ್ತು ಮಾರಿದ್ದರು. ಆಮೇಲೆ ಕೊಂಡ ಶ್ರೀಮಂತರ ಕ್ಲಬ್ ಅವನ್ನು ಮತ್ತೆ ಹಾಕಿಸಲಿಲ್ಲ. ಬದಲಿಗೆ ಗಾಡಿಗಳ ಓಡಾಟಕ್ಕೆಂದು ಏರಿಯ ನೆತ್ತಿಯನ್ನು ತಗ್ಗಿಸಿ, ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಬಿಗಿಸಿತು. 1889ರ ಮೇ 31ರಂದು, ಭಾರಿ ಮಳೆಯಲ್ಲಿ ಜಾಲರಿಗೆ ಕಸಕಡ್ಡಿ ಸಿಕ್ಕಿಕೊಂಡು ನೀರು ಏರಿಯನ್ನು ಮೀರಿತು. ನೀರಿನ ಮಟ್ಟ ಇಳಿಸಲು ತೂಬೇ ಇರಲಿಲ್ಲ. ಸುಮಾರು 14 ಮೈಲಿ ಕೆಳಗಿನ ಜಾನ್ಸ್‌ಟೌನ್ ಪಟ್ಟಣ ಕೊಚ್ಚಿಹೋಗಿ, ಆ ಪ್ರವಾಹದಲ್ಲಿ 2,209 ಜನ ಸತ್ತರು. ಮೀನು ಉಳಿಸಿಕೊಳ್ಳುವ ಆಸೆಗೆ ಇಷ್ಟು ಬೆಲೆ!

ಆದ್ದರಿಂದ ಮಳೆಗಾಲಕ್ಕೆ ಮುನ್ನ ಕೋಡಿಯ ಹೂಳು, ಕೊಂಬೆಗಳನ್ನು ತೆಗೆಸಿ, ತೂಬಿನ ಬಾಗಿಲನ್ನು ಒಮ್ಮೆಯಾದರೂ ಎತ್ತಿ ಇಳಿಸಿ ನೋಡಬೇಕು. ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು; ಬೇರು ಕೊಳೆತ ಜಾಗವೂ ಹೆಗ್ಗಣದ ಬಿಲವೂ ನೀರಿಗೆ ದಾರಿಯಾಗುತ್ತವೆ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ: ತಿಳಿಯಾಗಿದ್ದು ಪ್ರಮಾಣ ಹೆಚ್ಚದಿದ್ದರೆ ಬರೆದಿಟ್ಟು ಗಮನಿಸುತ್ತಿದ್ದರೆ ಸಾಕು, ಕದಡಿದ್ದರೆ ಏರಿಯೊಳಗಿನ ಮಣ್ಣು ಹೊರಬರುತ್ತಿದೆ ಎಂದರ್ಥ, ಅಂದೇ ನೀರಿನ ಮಟ್ಟವನ್ನು ನಿಧಾನವಾಗಿ ಇಳಿಸಲು ತೊಡಗಿ, ಎಂಜಿನಿಯರರನ್ನು ಕರೆಸಿ, ಕೆಳಗಿನ ಊರಿನವರಿಗೂ ತಿಳಿಸಬೇಕು.